ಸುಲಭದ ದಾರಿ ಅಂತ ಬರೆದವರಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಓದುಗರ ಪತ್ರದಲ್ಲಿ ಒಬ್ರು ಬರೆದಿದ್ರು, ಈಗಿನವರಿಗೆ ಬಾಯಿ ಕಟ್ಲಿಕ್ಕೆ ಆಗುದಿಲ್ಲ, ನಡೀಲಿಕ್ಕೆ ಉದಾಸೀನ, ಅದಕ್ಕೆ ಪೈಸೆ ಕೊಟ್ಟು ಹೊಟ್ಟೆ ಕೊಯ್ಸಿಕೊಂಡು ಸಪೂರ ಆಗುವ ಸುಲಭದ ದಾರಿ ಹಿಡೀತಾರೆ ಅಂತ. ಓದಿ ಎರಡು ದಿನ ಸುಮ್ಮನಿದ್ದೆ, ಮೂರನೇ ದಿನ ಮೆಷಿನ್ ಮೇಲೆ ಕೂತಾಗ ಮತ್ತೆ ಸಿಟ್ಟು ಬಂತು. ಯಾಕಂದ್ರೆ ಆ ಸುಲಭದ ದಾರಿಯಲ್ಲಿ ಒಂದೂವರೆ ವರ್ಷದಿಂದ ನಡೀತಾ ಇರುವವಳು ನಾನು. ಬದಿಯಡ್ಕ ಹತ್ರ ಸಣ್ಣ ಟೈಲರಿಂಗ್ ಅಂಗಡಿ ಉಂಟು ನನ್ನದು, ಬ್ಲೌಸು ಚೂಡಿದಾರ ಹೊಲಿಯುದು. ಹೆಸರು ಹಾಕ್ಬೇಡಿ, ಊರಲ್ಲಿ ಗೊತ್ತಿರುವವರಿಗೆ ಹೇಗೂ ಗೊತ್ತಾಗ್ತದೆ.

ನನ್ನ ಎತ್ತರ 155 ಸೆಂಟಿಮೀಟರ್, ತೂಕ ಆಗ 98 ಕಿಲೋ. ಲೆಕ್ಕ ಹಾಕಿದ್ರೆ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಅಂಕೆ, 40 ದಾಟ್ತದೆ. ಶುಗರಿಗೆ ಇನ್ಸುಲಿನ್ ದಿನಕ್ಕೆ ಎರಡು ಸಲ, ಮೊಣಗಂಟು ನೋವು, ರಾತ್ರಿ ಗೊರಕೆ ಎಷ್ಟಂದ್ರೆ ಇವರು ಚಾಪೆ ಹಿಡ್ಕೊಂಡು ಚಾವಡಿಗೆ ಹೋಗಿ ಮಲಗ್ತಿದ್ರು. ಬಾಯಿ ಕಟ್ಟಲಿಲ್ವಾ ಅಂತ ಕೇಳುವವರಿಗೆ, ಕಟ್ಟಿದ್ದೆ ಮಾರಾಯ್ರೆ, ನಾಲ್ಕು ಸಲ ಕಟ್ಟಿದ್ದೆ. ಒಮ್ಮೆ 11 ಕಿಲೋ ಇಳಿಸಿ 14 ಕಿಲೋ ಏರಿಸಿಕೊಂಡೆ. ಇದು ನನ್ನೊಬ್ಬಳ ಮರ್ಲು ಅಲ್ಲ, ತೂಕ ಇಳಿದ ಕೂಡ್ಲೇ ಶರೀರ ಹಸಿವೆಯ ಹಾರ್ಮೋನ್ ಜಾಸ್ತಿ ಮಾಡಿ ಹಳೇ ತೂಕಕ್ಕೇ ಎಳೀತದೆ ಅಂತ ಡಾಕ್ಟ್ರು ಹೇಳಿದ ಮೇಲೆಯೇ ನನಗೆ ನನ್ನ ಮೇಲೆ ಇದ್ದ ನಾಚಿಕೆ ಸ್ವಲ್ಪ ಬಿಟ್ಟದ್ದು. 1991ರಿಂದ ನಡ್ಕೊಂಡು ಬಂದ ಲೆಕ್ಕ ಬಿಎಂಐ 40, ಅಥವಾ 35 ಮತ್ತು ಅದರ ಜೊತೆಗೆ ಶುಗರ್ ಹೃದಯದ ತೊಂದರೆ ಹೀಗೆ ಎಂತಾದ್ರೂ, ಅಂಥವರಿಗೆ ಆಪರೇಷನ್ ಅಂತ. 2022ರಲ್ಲಿ ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಸರ್ಜನ್‌ಗಳ ಸಂಘದವರು ಅದನ್ನು ಇನ್ನೂ ಕೆಳಗೆ ತಂದ್ರು, 35 ಇದ್ರೆ ಬೇರೆ ಕಾಯಿಲೆ ಇಲ್ಲದಿದ್ರೂ ಆಗ್ತದೆ, ನಮ್ಮಂತ ಏಷ್ಯಾದವರಿಗೆ 27.5ರಿಂದಲೇ ಯೋಚನೆ ಮಾಡ್ಬಹುದು ಅಂತ. ನಮ್ಮವರಿಗೆ ಕಮ್ಮಿ ತೂಕಕ್ಕೇ ಶುಗರ್ ಬರ್ತದಲ್ಲ, ಅದಕ್ಕೆ. ಇನ್ಶೂರೆನ್ಸಿನವರು ಮಾತ್ರ ಹಳೇ 40, 35ರಲ್ಲೇ ನಿಂತಿದ್ದಾರೆ, ಅದೂ ಬೇರೆ ಉಪಾಯ ಮಾಡಿ ಆಗ್ಲಿಲ್ಲ ಅಂತ ಡಾಕ್ಟರ ಕಾಗದ ಬೇಕು, ಹಾಗಾಗಿ ಹಳೇ ಚೀಟಿ ಬಿಸಾಡ್ಬೇಡಿ.

ಆಪರೇಷನ್ ಎರಡು ನಮೂನೆ ಹೆಚ್ಚು ಮಾಡ್ತಾರೆ. ಒಂದಕ್ಕೆ ಸ್ಲೀವ್ ಅಂತಾರೆ, ಸ್ಲೀವ್ ಅಂದ್ರೆ ನಮ್ಮ ಟೈಲರ್ ಭಾಷೆಯ ತೋಳೇ, ಜಠರದ ಮುಕ್ಕಾಲು ಪಾಲಿಗಿಂತಲೂ ಜಾಸ್ತಿ ಕತ್ತರಿಸಿ ತೆಗೆದು ಉಳಿದದ್ದನ್ನು ಉದ್ದ ತೋಳಿನ ಹಾಗೆ ಮಾಡುದು. ಇನ್ನೊಂದು ಬೈಪಾಸ್, ಜಠರದ ತಲೆಯಲ್ಲಿ ಅಂದಾಜು 30 ಎಂಎಲ್ ಹಿಡಿಯುವ ಸಣ್ಣ ಚೀಲ ಬೇರೆ ಮಾಡಿ ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸುದು, ಉಳಿದ ಜಠರ ಒಳಗೇ ಇರ್ತದೆ ಆದ್ರೆ ತಿಂದದ್ದು ಅಲ್ಲಿಗೆ ಹೋಗುದಿಲ್ಲ. ನನಗೆ ಎದೆಯುರಿ ಹುಳಿತೇಗು ಮೊದ್ಲೇ ಇತ್ತು, ಸ್ಲೀವ್ ಮಾಡಿದ್ರೆ ಅದು ಜಾಸ್ತಿ ಆಗ್ಬಹುದು ಅಂತ ಬೈಪಾಸ್ ಆಯ್ತು. ಎರಡೂ ನಾಲ್ಕೈದು ಸಣ್ಣ ತೂತಿನಲ್ಲೇ ಮುಗೀತದೆ. ಹೊರಗೆ ನೋಡುವವರಿಗೆ ಸುಲಭ ಅಂತ ಕಾಣುದು ಇದೇ ತೂತುಗಳಿಂದ ಅಂತ ಕಾಣ್ತದೆ.

ಈಗ ತಯಾರಿ ಹೇಳ್ತೇನೆ. ಮೂರು ತಿಂಗಳು ಮಂಗಳೂರಿಗೆ ಓಡಾಟ. ರಕ್ತ, ಇಸಿಜಿ, ಎಕೋ, ಹೊಟ್ಟೆಯ ಸ್ಕ್ಯಾನಿಂಗ್, ಬಾಯಿಯಿಂದ ಕ್ಯಾಮರಾ ಹಾಕಿ ಎಂಡೋಸ್ಕೋಪಿ. ಬಿ12, ಡಿ ವಿಟಮಿನ್ ಎರಡೂ ಕಮ್ಮಿ ಇತ್ತು, ತೋರ ಇದ್ದವರಲ್ಲಿ ಇದು ಮಾಮೂಲು ಅಂತೆ, ಇಷ್ಟು ತಿಂದೂ ಕಮ್ಮಿಯಾ ಅಂತ ಅತ್ತೆಗೆ ಆಶ್ಚರ್ಯ. ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದಾಗ ಗೊರಕೆ ಬರೇ ಗೊರಕೆ ಅಲ್ಲ, ನಿದ್ದೆಯಲ್ಲಿ ಉಸಿರೇ ನಿಲ್ತದೆ ಅಂತ ಗೊತ್ತಾಯ್ತು, ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿ ಊದುವ ಮೆಷಿನ್ ಕೊಟ್ರು, ಅದನ್ನು ಆಪರೇಷನ್‌ಗೆ ಮೊದ್ಲಿಂದಲೇ ಹಾಕಿ ಅಭ್ಯಾಸ ಮಾಡ್ಬೇಕು, ಇಲ್ಲದಿದ್ರೆ ಅರಿವಳಿಕೆ ಕೊಟ್ಟ ಮೇಲೆ ಅಪಾಯ. ಮತ್ತೆ ಮೂರು ಬಣ್ಣದ ಚೆಂಡು ಇರುವ ಪ್ಲಾಸ್ಟಿಕ್ ಡಬ್ಬಿ ಒಂದು ಕೊಟ್ರು, ಶ್ವಾಸಕೋಶಕ್ಕೆ ವ್ಯಾಯಾಮ. ನಾಲ್ಕು ದಿನ ನಾನು ಅದಕ್ಕೆ ಊದಿದ್ದೇ ಊದಿದ್ದು, ಚೆಂಡು ಅಲುಗಾಡುದಿಲ್ಲ, ಮಗಳು ಹಾಸ್ಟೆಲಿಂದ ಬಂದವಳು ನೋಡಿ ಅಮ್ಮಾ ಅದು ಊದುದಲ್ಲ ಎಳೆಯುದು ಅಂದ್ಲು. ಪೇಪರ್ ಒಟ್ಟಿಗೆ ಕೊಟ್ಟಿದ್ರು, ಆದ್ರೆ ಅದು ಇಂಗ್ಲಿಷ್.

ಇಲ್ಲಿಯೇ ನನ್ನ ಒಂದು ದೂರು. ನಾನು ಏಳನೇವರೆಗೆ ಕನ್ನಡ ಮೀಡಿಯಂ. ಗಡಿ ದಾಟಿದ್ರೆ ಆಸ್ಪತ್ರೆಯ ಕಾಗದ ಇಂಗ್ಲಿಷಲ್ಲಿ, ಗಡಿಯ ಈಚೆ ಆರೋಗ್ಯದ ಬೋರ್ಡು ಚೀಟಿ ಮಲಯಾಳದಲ್ಲಿ. ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ತಡವರಿಸ್ತೇನೆ. ಕಾಸರಗೋಡು ಮಂಜೇಶ್ವರದಲ್ಲಿ ನನ್ನ ಹಾಗೆ ಇರುವವರು ಒಬ್ಬರಾ ಇಬ್ಬರಾ. ಹೊಟ್ಟೆಗೆ ಎಂತ ಹಾಕ್ಬೇಕು ಎಂತ ಹಾಕ್ಬಾರ್ದು ಅಂತ ನಮ್ಮ ಭಾಷೆಯಲ್ಲಿ ಒಂದು ಪುಟ ಸಿಕ್ಕಿದ್ರೆ ನನಗೆ ಆಮೇಲೆ ಆದ ಒಂದು ಫಜೀತಿ ಆಗ್ತಿರಲಿಲ್ಲ, ಅದನ್ನು ಮುಂದೆ ಹೇಳ್ತೇನೆ.

ಕೌನ್ಸೆಲಿಂಗಿಗೂ ಕಳಿಸಿದ್ರು. ಬೇಜಾರಾದಾಗ ತಿನ್ತೀರಾ ಅಂತ ಕೇಳಿದ್ರು, ಇಲ್ಲ ಅಂದೆ. ಆಮೇಲೆ ಮದುವೆ ಸೀಸನ್‌ನಲ್ಲಿ ರಾತ್ರಿ ಎರಡು ಗಂಟೆವರೆಗೆ ಹೊಲೀತಾ ಪಕ್ಕದಲ್ಲಿ ಬಾಳೆಕಾಯಿ ಚಿಪ್ಸಿನ ತೊಟ್ಟೆ ಇಟ್ಟು ಒಂದೊಂದೇ ಒಂದೊಂದೇ ಅಂತ ಇಡೀ ತೊಟ್ಟೆ ಖಾಲಿ ಮಾಡುದು ನೆನಪಾಗಿ, ಹೌದು ಮೇಡಂ ತಿನ್ತೇನೆ ಅಂತ ವಾಪಸ್ ಹೋಗಿ ಹೇಳಿ ಬಂದೆ. ಅದು ಹೇಳಿದ್ದೇ ಒಳ್ಳೇದಾಯ್ತು, ಆಪರೇಷನ್ ಜಠರಕ್ಕೆ ಮಾಡ್ತಾರೆ, ಆ ತೊಟ್ಟೆಗೆ ಚಾಚುವ ಕೈಗೆ ಮಾಡುದಿಲ್ಲ.

ಕಷ್ಟ ಅಂದ್ರೆ ಕೊನೇ ಎರಡು ವಾರ. ಅನ್ನ ಇಲ್ಲ, ದೋಸೆ ಇಲ್ಲ, ಸಕ್ಕರೆ ಇಲ್ಲ, ಪ್ರೊಟೀನ್ ಪುಡಿ ಕಲಸಿದ ನೀರು, ಮಜ್ಜಿಗೆ, ಬೇಯಿಸಿದ ತರಕಾರಿ ಒಂದಿಷ್ಟು. ಯಾಕೆ ಅಂತ ಡಾಕ್ಟ್ರು ಚೀಟಿಯ ಹಿಂದೆ ಚಿತ್ರ ಬಿಡಿಸಿ ತೋರಿಸಿದ್ರು, ಲಿವರಿನ ಎಡಭಾಗ ಜಠರದ ಮೇಲೆ ಹೊದಿಕೆಯ ಹಾಗೆ ಬಿದ್ದಿರ್ತದೆ, ಕೊಬ್ಬು ತುಂಬಿದ ಲಿವರ್ ದೊಡ್ಡದಾಗಿ ಭಾರ ಆಗಿ ಮುಟ್ಟಿದ್ರೆ ರಕ್ತ ಬರುವ ಹಾಗೆ ಇರ್ತದೆ, ಅದನ್ನು ಎತ್ತಿ ಹಿಡಿಯದೆ ಜಠರ ಕಾಣುದಿಲ್ಲ, ಎರಡು ವಾರ ಪಥ್ಯ ಮಾಡಿದ್ರೆ ಅದು ಕುಗ್ತದೆ. ಮಾಡದೆ ಹೋದ್ರೆ ತೂತು ಹಾಕಿ ಒಳಗೆ ನೋಡಿ ಆಗುದಿಲ್ಲ ಅಂತ ನಿಲ್ಲಿಸ್ಬೇಕಾಗಿ ಬರ್ಬಹುದು, ಅಥವಾ ದೊಡ್ಡದಾಗಿ ಕೊಯ್ಯಬೇಕಾಗ್ಬಹುದು. ಆ ಎರಡು ವಾರದಲ್ಲಿ ನನಗೆ ಒಂದು ಮದುವೆ, ಒಂದು ಭೂತದ ನೇಮ, ಒಂದು ಹೊಸ ಮನೆಯ ಒಕ್ಕಲು. ಎಲ್ಲ ಕಡೆ ಒಂದೇ ಮಾತು, ಒಂದು ಸೌಟು ಪಾಯಸಕ್ಕೆ ಎಂತ ಆಗ್ತದೆ. ಆಪರೇಷನ್ ಉಂಟು ಅಂತ ಹೇಳ್ಲಿಕ್ಕೆ ನಾಚಿಕೆ, ಹೇಳದಿದ್ರೆ ಬಡಿಸುವವರು ಬಿಡುದಿಲ್ಲ. ಕೊನೆಗೆ ಶುಗರ್ ನಾನೂರು ದಾಟಿದೆ ಅಂತ ಸುಳ್ಳು ಹೇಳಿದೆ.

ಆಪರೇಷನ್ ದಿನದ ಬಗ್ಗೆ ಹೇಳ್ಲಿಕ್ಕೆ ಎಂತ ಇಲ್ಲ, ನಾನು ಮಲಗಿದ್ದೆ. ಸಂಜೆಗೆ ಎಬ್ಬಿಸಿ ನಡೆಸಿದ್ರು, ಅದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪು ಕಟ್ಟದ ಹಾಗೆ, ಬಿಗಿ ಸಾಕ್ಸ್, ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಭುಜ ನೋಯ್ತಿತ್ತು, ಒಳಗೆ ತುಂಬಿಸಿದ ಗ್ಯಾಸಿಂದ ಅದು. ಮೂರನೇ ದಿನ ಮನೆಗೆ. ಒಂದು ವಿಷಯಕ್ಕೆ ಮಾತ್ರ ನನಗೇ ನಂಬಿಕೆ ಬರ್ಲಿಲ್ಲ, ತೂಕ ಇನ್ನೂ ಹಾಗೇ ಇರುವಾಗ ಮೊದಲ ವಾರದಲ್ಲೇ ಇನ್ಸುಲಿನ್ ಅರ್ಧಕ್ಕಿಂತ ಕಮ್ಮಿ ಮಾಡಿದ್ರು. ಬೈಪಾಸ್ ಆದ ಮೇಲೆ ಕರುಳಿನ ಹಾರ್ಮೋನೇ ಬದಲಾಗ್ತದೆ, ತೂಕ ಇಳಿಯುವವರೆಗೆ ಶುಗರ್ ಕಾಯುದಿಲ್ಲ. ಹಾಗಾಗಿ ಹಳೇ ಡೋಸ್ ಹಾಗೇ ಚುಚ್ಚಿಕೊಂಡ್ರೆ ಶುಗರ್ ಕುಸಿದು ಬೀಳ್ತೀರಿ, ಡಾಕ್ಟ್ರನ್ನು ಕೇಳಿಯೇ ಹಾಕ್ಬೇಕು.

ಮನೆಗೆ ಬಂದ ಮೇಲೆ ಶುರು ಆದದ್ದು ನಿಜವಾದ ಕೆಲಸ. ಮಕ್ಕಳ ಜ್ವರದ ಸಿರಪ್ ಜೊತೆ ಬರ್ತದಲ್ಲ ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ, 10 ಎಂಎಲ್‌ದು, ಅದೇ ನನ್ನ ಲೋಟ. ಮೂರು ಮುಚ್ಚಳ ನೀರು ಕಾಲು ಗಂಟೆಯಲ್ಲಿ, ಗುಟುಕು ಗುಟುಕು. ಬೆಳಿಗ್ಗೆಯಿಂದ ರಾತ್ರಿವರೆಗೆ ಇದೇ ಉದ್ಯೋಗ, ಇಲ್ಲದಿದ್ರೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೋಗುದು ಹೇಗೆ. ಚಾರ್ಟಿನಲ್ಲಿ ಕ್ಲಿಯರ್ ಸೂಪ್ ಅಂತ ಇತ್ತು, ನಮ್ಮಲ್ಲಿ ಯಾರು ಸೂಪ್ ಮಾಡ್ತಾರೆ, ಡಯಟಿಷಿಯನ್‌ಗೆ ಫೋನ್ ಮಾಡಿ ಕೇಳಿ ಹುರುಳಿ ಬೇಯಿಸಿದ ಕಟ್ಟು ಸೋಸಿ, ತೆಳು ಮಜ್ಜಿಗೆ, ಗಂಜಿಯ ತೆಳಿ ಸ್ವಲ್ಪ ಅಂತ ನಾವೇ ನಮ್ಮ ಚಾರ್ಟ್ ಮಾಡಿಕೊಂಡೆವು. ಎರಡು ವಾರ ಹೀಗೆ. ಆಮೇಲೆ ಎರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಮೆತ್ತಗಿನದ್ದು ತಿನ್ಬಹುದು ಅಂತ ಆದ ದಿನ ಇವರು ಕುಂಬಳೆಯಿಂದ ಕಾಣೆ ಮೀನು ತಂದ್ರು, ಮೆಣಸು ಹಾಕದೆ ಅರಸಿನ ಉಪ್ಪಿನಲ್ಲಿ ಬೇಯಿಸಿ ಮುಳ್ಳು ತೆಗೆದು ಅತ್ತೆ ಚಮಚದಲ್ಲಿ ಹಿಸುಕಿ ಕೊಟ್ರು, ಎರಡು ಚಮಚ ಆಗುವಾಗ ಎದೆಯ ಹತ್ರ ಬಿಗೀತು, ಸಾಕು ಅಂದೆ. ಒಂದೂವರೆ ತಿಂಗಳಾಗಿತ್ತು ಮೀನಿನ ರುಚಿ ನೋಡದೆ, ಕಣ್ಣಲ್ಲಿ ನೀರು ಬಂತು, ಅತ್ತೆ ಮುಳ್ಳು ಸಿಕ್ಕಿತು ಅಂತ ಹೆದರಿದ್ರು.

ತಿನ್ನುವಾಗ ನೀರು ಕುಡೀಬಾರ್ದು, ಊಟ ಆಗಿ ಅರ್ಧ ಗಂಟೆ ಬಿಟ್ಟೇ ಕುಡೀಬೇಕು. ನಮ್ಮ ಊರಲ್ಲಿ ಗಂಜಿ ಊಟ ಅಂದ್ರೆ ಅನ್ನ ನೀರು ಒಟ್ಟಿಗೇ ಅಲ್ವಾ, ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ ಬಿಟ್ಟು ಬದುಕ್ಲಿಕ್ಕೆ ಕಲಿಯುದು ನನಗೆ ಕೋರಿ ರೊಟ್ಟಿ ಬಿಟ್ಟದ್ದಕ್ಕಿಂತ ಕಷ್ಟ ಆಯ್ತು. ಪ್ರೊಟೀನ್ ದಿನಕ್ಕೆ ಕಮ್ಮಿ ಅಂದ್ರೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಚಿಲ್ಲರೆ, ಅಂದ್ರೆ ಹತ್ತು ಮೊಟ್ಟೆ, ಆ ಪುಟ್ಟ ಚೀಲಕ್ಕೆ ಅದು ಹೋಗುವ ಮಾತಾ. ಅದಕ್ಕೆ ಪುಡಿ ಬೇಕು, ಮೀನು ಮೊದ್ಲು ತಿಂದು ಅನ್ನ ಕಡೆಗೆ. ನಾಲ್ಕನೇ ತಿಂಗಳಲ್ಲಿ ಕೂದಲು ಉದುರ್ಲಿಕ್ಕೆ ಶುರು ಆಯ್ತು, ಬಾಚಣಿಗೆಯಲ್ಲಿ ಹಿಡಿ ಹಿಡಿ, ಬ್ಲೌಸ್ ಬಟ್ಟೆಗೆಲ್ಲ ಅಂಟಿ ಗಿರಾಕಿಗಳ ಎದುರು ಮಾನ ಹೋಯ್ತು. ಮೂರರಿಂದ ಆರು ತಿಂಗಳೊಳಗೆ ಹೀಗೆ ಆಗುದು ಸಾಮಾನ್ಯ, ಮತ್ತೆ ಬರ್ತದೆ, ನನಗೂ ಬಂದಿದೆ. ವಿಟಮಿನ್ ಮಾತ್ರೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಇದೆಲ್ಲ ಜೀವ ಇರುವವರೆಗೆ. ಅಷ್ಟು ಬೇಗ ತೂಕ ಇಳಿದ್ರೆ ಪಿತ್ತಕೋಶದಲ್ಲಿ ಕಲ್ಲು ಆಗ್ತದೆ ಅಂತ ಅದಕ್ಕೂ ಆರು ತಿಂಗಳು ಮಾತ್ರೆ ಕೊಟ್ಟಿದ್ರು. ಮದುವೆಗೆ ಮೊದ್ಲು ಸಪೂರ ಆಗ್ಬೇಕು ಅಂತ ಹೋಗುವ ಹುಡುಗಿಯರ ಮನೆಯವರಿಗೆ ಒಂದು ಮಾತು, ಆಪರೇಷನ್ ಆಗಿ 12ರಿಂದ 18 ತಿಂಗಳು ಬಸುರಿ ಆಗ್ಬಾರ್ದು, ಇದನ್ನು ಗಂಡಿನ ಕಡೆಗೂ ಮೊದ್ಲೇ ಹೇಳಿ, ವಿಶೇಷ ಇಲ್ವಾ ವಿಶೇಷ ಇಲ್ವಾ ಅಂತ ಆಮೇಲೆ ಪೀಡಿಸ್ಬಾರ್ದು.

ಏಳನೇ ತಿಂಗಳಲ್ಲಿ ಸಂಬಂಧಿಕರ ಮನೆಯಲ್ಲಿ ಪೂಜೆ. ಅರ್ಧ ಹೋಳಿಗೆಗೆ ಕಾಯಿಹಾಲು ಹಾಕಿ ತಿಂದೆ, ಆಸೆ. ಕಾಲು ಗಂಟೆ ಆಗ್ಲಿಲ್ಲ, ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿ ಒಳಗಿನ ಕೋಣೆಯಲ್ಲಿ ಚಾಪೆ ಮೇಲೆ ಬಿದ್ದುಕೊಂಡೆ. ದೃಷ್ಟಿ ಅಂತ ಒಬ್ರು ಉಪ್ಪು ಮೆಣಸು ನಿವಾಳಿಸಿದ್ರು. ಬೈಪಾಸ್ ಆದವರಿಗೆ ಸಕ್ಕರೆ ಜಠರದಲ್ಲಿ ನಿಲ್ಲದೆ ಸೀದಾ ಕರುಳಿಗೆ ಇಳೀತದೆ, ಅಲ್ಲಿ ನೀರು ಎಳೆದು ಹೀಗೆ ಮಾಡ್ತದೆ, ಡಂಪಿಂಗ್ ಅಂತ ಅದರ ಹೆಸರು, ದೃಷ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಅರ್ಧ ಗಂಟೆಯಲ್ಲಿ ಎದ್ದು ಕೂತಾಗ ಉಪ್ಪು ಮೆಣಸಿನಿಂದಲೇ ಸರಿ ಆಯ್ತು ಅಂದ್ರು, ವಾದ ಮಾಡುವ ಶಕ್ತಿ ಇರ್ಲಿಲ್ಲ.

ಈಗ ಆ ಫಜೀತಿ. ತಪ್ಪು ಅರ್ಧ ನನ್ನದೇ. ಒಂಬತ್ತನೇ ತಿಂಗಳು, ಮದುವೆ ಸೀಸನ್, ಪೆಡಲ್ ತುಳಿದು ತುಳಿದು ಮೊಣಗಂಟು ನೋವು. ಒಂದು ಮೆಡಿಕಲಿಗೆ ಹೋಗಿ ಮೊದಲಿನ ಹಾಗೇ ನೋವಿನ ಮಾತ್ರೆ ಕೊಡಿ ಅಂದೆ, ಅವರು ಡೈಕ್ಲೋಫೆನಾಕ್ ಕೊಟ್ರು, ಕೇಳಿದ್ದೂ ಇಲ್ಲ ನಾನು ಹೇಳಿದ್ದೂ ಇಲ್ಲ. ಹತ್ತು ದಿನ ನುಂಗಿದೆ. ಆಮೇಲೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ ಉರಿ, ಮಲ ಡಾಂಬರಿನ ಹಾಗೆ ಕಪ್ಪು. ಮಂಗಳೂರಿಗೆ ಹೋಗಿ ಕ್ಯಾಮರಾ ಹಾಕಿದ್ರೆ ಚೀಲಕ್ಕೂ ಕರುಳಿಗೂ ಜೋಡಿಸಿದ ಜಾಗದಲ್ಲೇ ಹುಣ್ಣು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಬೈಪಾಸ್ ಆದವರಿಗೆ ಆಗುದೇ ಇಲ್ಲ, ಬೀಡಿ ಸಿಗರೇಟೂ ಹಾಗೇ. ನೋವಿಗೆ ಪ್ಯಾರಸಿಟಮಾಲ್, ಅದೂ ಡಾಕ್ಟ್ರನ್ನು ಕೇಳಿ. ಡಿಸ್ಚಾರ್ಜ್ ಕಾಗದದಲ್ಲಿ ಹನ್ನೊಂದನೇ ಪುಟದಲ್ಲಿ ಇದು ಇತ್ತಂತೆ, ಇಂಗ್ಲಿಷಲ್ಲಿ, ಸಣ್ಣ ಅಕ್ಷರದಲ್ಲಿ. ಅದು ಎರಡನೇ ಪುಟದಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಇದ್ರೆ ಆಸ್ಪತ್ರೆಯವರಿಗೆ ಎಂತ ಖರ್ಚು ಆಗ್ತಿತ್ತು ಹೇಳಿ. ಈಗ ನನ್ನ ಪರ್ಸಿನಲ್ಲಿ ಅಳತೆಯ ಟೇಪಿನ ಒಟ್ಟಿಗೆ ಒಂದು ಚೀಟಿ ಉಂಟು, ಮಗಳು ಕನ್ನಡ ಮಲಯಾಳ ಎರಡರಲ್ಲೂ ಬರೆದದ್ದು, ಇವರಿಗೆ ಹೊಟ್ಟೆಯ ಬೈಪಾಸ್ ಆಗಿದೆ, ಇಂಥ ಮಾತ್ರೆ ಕೊಡಬೇಡಿ ಅಂತ. ಯಾವ ಮೆಡಿಕಲಿಗೆ ಹೋದ್ರೂ ಮೊದ್ಲು ಅದು ಮೇಜಿನ ಮೇಲೆ.

ಇನ್ನೊಂದು, ನಮ್ಮ ಊರಿನವರಿಗೇ ಆಗಿ. ದೊಡ್ಡ ಆಸ್ಪತ್ರೆ ಮಂಗಳೂರಲ್ಲಿ, ನಾವು ಇರುದು ಇಲ್ಲಿ. 2020ರಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತದ್ದು ನಾವು ಮರೆತಿಲ್ಲ. ಈಗ ದಾರಿ ಬಂದ್ ಇಲ್ಲ, ಆದ್ರೆ ಹೊತ್ತು ಬೇಕಲ್ಲ. ಹಾಗಾಗಿ ಯಾವಾಗ ಹೊರಡ್ಬೇಕು ಅಂತ ಮನೆಯವರಿಗೆ ಗೊತ್ತಿರ್ಬೇಕು, ನಾಳೆ ನೋಡುವ ಅಂತ ಹೇಳುವ ವಿಷಯ ಅಲ್ಲ. ಕೊರೋನಾ ಸಮಯದಲ್ಲಿ ಮನೆ ಮನೆಗೆ ತಂದಿದ್ದ ಬೆರಳಿಗೆ ಹಾಕುವ ಆಕ್ಸಿಮೀಟರ್ ಯಾವುದಾದ್ರೂ ಡ್ರಾವರಿನಲ್ಲಿ ಬಿದ್ದಿದ್ರೆ ಬ್ಯಾಟರಿ ಹಾಕಿ ಇಡಿ, ಅದರಲ್ಲಿ ನಾಡಿಯೂ ಕಾಣ್ತದೆ. ಆಪರೇಷನ್ ಆದ ಮೊದಲ ಕೆಲವು ವಾರದಲ್ಲಿ ಸುಮ್ಮನೆ ಕೂತಲ್ಲೇ ನಾಡಿ 120 ದಾಟಿ ಇಳಿಯದಿದ್ರೆ, ಜ್ವರ ಬಂದ್ರೆ, ಹೊಟ್ಟೆನೋವು ಏರ್ತಾ ಹೋದ್ರೆ, ಉಸಿರು ಕಟ್ಟಿದ್ರೆ ಒಳಗೆ ಹೊಲಿಗೆ ಸೋರ್ತಿರ್ಬಹುದು, ಗ್ಯಾಸ್ ಅಂತ ಓಮದ ನೀರು ಕೊಟ್ಟು ಕೂರ್ಬಾರ್ದು. ಒಂದೇ ಕಾಲು ಊದಿ ನೋಯ್ತಿದ್ರೆ ರಕ್ತ ಹೆಪ್ಪು ಕಟ್ಟಿದ್ದಾ ನೋಡ್ಬೇಕು. ದಿನಗಟ್ಟಲೆ ವಾಂತಿ ನಿಲ್ಲದಿದ್ರೂ ಹಾಗೇ, ಬಿ1 ವಿಟಮಿನ್ ಖಾಲಿಯಾಗಿ ಕಣ್ಣು ಎರಡೆರಡು ಕಾಣ್ತದೆ, ನಡಿಗೆ ತೂರಾಡ್ತದೆ, ತಡ ಆದ್ರೆ ಅದು ಸರಿ ಆಗುದೇ ಕಷ್ಟ.

ಈಗ ನಾನು 66 ಕಿಲೋ. ಮಧ್ಯದಲ್ಲಿ ಎರಡು ಕಿಲೋ ಏರಿತ್ತು, ಚಿಪ್ಸಿನ ತೊಟ್ಟೆ ವಾಪಸ್ ಬಂದಿತ್ತು ಅದಕ್ಕೆ, ಚಿಪ್ಸ್ ಸಲೀಸಾಗಿ ಇಳೀತದೆ ನೋಡಿ, ಮೀನು ನಿಂತ ಹಾಗೆ ನಿಲ್ಲುದಿಲ್ಲ. ಇನ್ಸುಲಿನ್ ಇಲ್ಲ, ಒಂದು ಮಾತ್ರೆ ಉಂಟು. ಇವರು ಚಾವಡಿಯಿಂದ ಒಳಗೆ ಬಂದು ಮಲಗ್ತಾರೆ. ನನ್ನ ಅಳತೆ ಪುಸ್ತಕದಲ್ಲಿ ನನ್ನದೇ ಒಂದು ಪುಟ ಉಂಟು, ಎದೆ 46 ಅಂತ ಶುರು ಆಗಿ 44, 42, ಈಗ 38, ಪ್ರತಿ ಸಲ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಹಿಡಿದು ಬ್ಲೌಸಿನಲ್ಲಿ ಬಟ್ಟೆಗಿಂತ ಮಾರ್ಜಿನ್ನೇ ಜಾಸ್ತಿ. ತೋಳಿನ ಚರ್ಮ ಜೋಲು ಬಿದ್ದಿದೆ, ಅದಕ್ಕೆ ಕೈ ಮೊಣಕೈವರೆಗೆ ಉದ್ದ ಇಟ್ಟು ಹೊಲಿದುಕೊಳ್ತೇನೆ. ಗಿರಾಕಿಗಳು ಹಿಂದಿನಿಂದ ಕ್ಯಾನ್ಸರ್ ಅಂತ ಮಾತಾಡಿಕೊಂಡದ್ದೂ ಕೇಳಿದ್ದೇನೆ. ತೋರ ಇದ್ದಾಗ ಎದುರಿಗೇ ಹೇಳ್ತಿದ್ರು, ಈಗ ಹಿಂದಿನಿಂದ, ಅಷ್ಟೇ ವ್ಯತ್ಯಾಸ.

ಎಲ್ಲರೂ ಆಪರೇಷನ್ ಮಾಡಿಸಿ ಅಂತ ನಾನು ಹೇಳುದಿಲ್ಲ, ಪಥ್ಯದಲ್ಲಿ ಔಷಧಿಯಲ್ಲಿ ಸರಿ ಆಗುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಹತ್ರ ಕೇಳುದು ಇಷ್ಟೆ, ವಾರಕ್ಕೊಮ್ಮೆ ಆರೋಗ್ಯದ ಪುಟ ಬರ್ತದಲ್ಲ, ಅದರಲ್ಲಿ ಒಮ್ಮೆ ಯಾರಾದ್ರೂ ತಿಳಿದ ಡಾಕ್ಟ್ರಿಂದ ಇದರ ಮೊದಲಿನ ಎರಡು ವಾರ ಮತ್ತು ಆಮೇಲಿನ ಎರಡು ತಿಂಗಳಿನ ಪಥ್ಯ ನಮ್ಮ ಹುರುಳಿ ಮಜ್ಜಿಗೆ ಮೀನಿನ ಲೆಕ್ಕದಲ್ಲಿ ಬರೆಸಿ. ಮತ್ತೆ ಈ ಪತ್ರ ಉದ್ದ ಆಯ್ತು ಅಂತ ಗೊತ್ತುಂಟು, ಕತ್ತರಿ ಹಾಕುದು ನನಗೂ ಅಭ್ಯಾಸದ ಕೆಲಸವೇ, ನನ್ನ ಚಿಪ್ಸು ಹೋಳಿಗೆ ಎಲ್ಲ ತೆಗೆದ್ರೂ ಬೇಜಾರಿಲ್ಲ, ಆ ನೋವಿನ ಮಾತ್ರೆಯದ್ದೂ ನಾಡಿ 120ರದ್ದೂ ಮಾತ್ರ ಹಾಗೇ ಬಿಡಿ.

ಇತಿ,
ಬದಿಯಡ್ಕ ಹತ್ತಿರದ ಒಬ್ಬಳು ಟೈಲರ್
ಕಾಸರಗೋಡು ಜಿಲ್ಲೆ